ಎರಡನೇ ಹಾರ್ನ್

ನಮ್ಮಕ್ಕ ಜೀವಮಾನವಿಡೀ ಜನರ ಮುಖದ ಮೇಲೆ ಕಿಟಕಿ ಮುಚ್ಚಿ ಸಂಬಳ ತೆಗೆದುಕೊಂಡವಳು. ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದಳು. ಒಂದು ಕೈ ತೂರುವಷ್ಟು ಕಿಂಡಿ, ಅದಕ್ಕೊಂದು ಜಾರುವ ಹಲಗೆ. ಸೀಟು ಮುಗಿದ ಕೂಡಲೇ "ಹೌಸ್‌ಫುಲ್" ಎಂದು ಹಲಗೆ ಎಳೆದಳೆಂದರೆ ಆಚೆ ಟಾಕೀಸಿನ ಯಜಮಾನನ ಅಳಿಯನೇ ನಿಂತಿದ್ದರೂ ತೆರೆಯುತ್ತಿರಲಿಲ್ಲ. ಅಳಿಯ ಒಮ್ಮೆ ನಿಜಕ್ಕೂ ನಿಂತಿದ್ದ, ಇವಳು ನಿಜಕ್ಕೂ ತೆರೆಯಲಿಲ್ಲ. ಅದನ್ನು ಬಂದವರಿಗೆಲ್ಲ ಹೇಳಿ ಹೇಳಿ ಬೀದಿಯಲ್ಲಿ ಅವಳಿಗೆ ಹೌಸ್‌ಫುಲ್ ಅಕ್ಕ ಎಂದೇ ಹೆಸರು ಬಿತ್ತು. ಮದುವೆಯ ಮಾತು ಬಂದಾಗಲೂ ಹೀಗೇ ಹಲಗೆ ಎಳೆದುಬಿಟ್ಟಳು ಎಂದು ಅಮ್ಮ ಸಾಯುವವರೆಗೂ ಗೊಣಗುತ್ತಿದ್ದಳು.

ಟಾಕೀಸು ಮುಚ್ಚಿ ಗೋದಾಮಾಯಿತು, ಅಕ್ಕ ನನ್ನ ಮನೆಗೆ ಬಂದಳು. ನಮ್ಮದು ಮೂರನೇ ಮಹಡಿ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಅದರ ಪಕ್ಕ ಅಕ್ಕನ ಮಂಚ. ನಮ್ಮ ಯಜಮಾನರು ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವರು, ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಾರೆ. ಬಂದು ಸ್ವಲ್ಪ ಕಾಲಕ್ಕೆ ಅಕ್ಕನ ಕಿಡ್ನಿ ಎರಡೂ ಕೈಕೊಟ್ಟವು. ವಾರಕ್ಕೆ ಮೂರು ದಿನ ದೊಡ್ಡಾಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು, ಅಂದರೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಅರ್ಧ ದಿನ ಕೂತು ಮೈಯ ರಕ್ತವನ್ನೆಲ್ಲ ತೊಳೆಸಿಕೊಂಡು ಬರಬೇಕು. ಆಸ್ಪತ್ರೆ ಊರಿನ ಆ ತುದಿಗೆ, ನಾವು ಈ ತುದಿಗೆ. ನಡುವೆ ಎರಡು ಬಸ್ಸು. ಹೋಗುವುದು ಸ್ವಲ್ಪ ತಡವಾದರೆ ನಮ್ಮ ಕುರ್ಚಿಯನ್ನು ಕಾರಿಡಾರಿನಲ್ಲಿ ಕಾಯುತ್ತಿರುವ ಇನ್ಯಾರಿಗೋ ಕೊಟ್ಟುಬಿಡುತ್ತಾರೆ. ಅವರನ್ನು ಬೈಯುವ ಹಾಗೂ ಇಲ್ಲ, ಅವರದೂ ನಮ್ಮದೇ ಪಾಡು.

ಹೀಗಿರುವಾಗ ನಗರಸಭೆಯಿಂದ ಕರೆ ಬಂತು. ಡಯಾಲಿಸಿಸ್‌ಗೆ ಹೋಗುವವರಿಗಾಗಿ ಒಂದು ವ್ಯಾನು ಬಿಡುತ್ತಾರಂತೆ. ಆದರೆ ಅದು ಹೇಗೆ ನಡೆಯಬೇಕು ಎಂದು ಅಧಿಕಾರಿಗಳು ಹೇಳುವುದಿಲ್ಲವಂತೆ, ನಾವೇ ಕೂತು ತೀರ್ಮಾನ ಮಾಡಬೇಕಂತೆ. ಇದಕ್ಕೆ ಸಹವಿನ್ಯಾಸ ಎಂದು ಹೆಸರು. ನನಗೆ ನಗು ಬಂತು. ನಾನು ಇಷ್ಟು ವರ್ಷ ಮಾಡುತ್ತಾ ಬಂದದ್ದೂ ಅದೇ ತಾನೆ? ಮೈ ಅವರದು, ಕತ್ತರಿ ನನ್ನದು. ಬಟ್ಟೆ ಕಂಕುಳಲ್ಲಿ ಬಿಗಿಯಾದರೆ ಬೈಸಿಕೊಳ್ಳುವವಳು ಮಾತ್ರ ನಾನು. ಇಲ್ಲಿ ಆ ಒಂದು ಭಾಗ ತಿರುವುಮುರುವಾಗುತ್ತದೆ ಎಂದು ಆಗ ತಿಳಿಯಲಿಲ್ಲ.

ಸಮುದಾಯ ಭವನದಲ್ಲಿ ಸಭೆ. ನಡೆಸಿಕೊಟ್ಟವಳು ಒಬ್ಬ ಎಳೆ ವಯಸ್ಸಿನ ಹೆಣ್ಣುಮಗಳು, ಕೈಯಲ್ಲಿ ಬಣ್ಣ ಬಣ್ಣದ ಅಂಟು ಚೀಟಿಗಳ ಕಟ್ಟು. ನಾವು ಅವಳಿಗೆ ಚೀಟಿ ಮೇಡಂ ಎಂದೆವು. ಒಳ್ಳೆಯವಳು, ಸುಳ್ಳು ಹೇಳಬಾರದು. ಬಂದವರಿಗೆಲ್ಲ ತಾನೇ ನೀರು ತಂದುಕೊಟ್ಟಳು, ಕೂತವರ ಎದುರು ಮಂಡಿಯೂರಿ ಮಾತಾಡಿದಳು. ಯಾರು ಏನು ಹೇಳಿದರೂ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವಳು. ಎದುರಿನ ದೊಡ್ಡ ಗೋಡೆ ಮಾಡಬಹುದಾದ ಮಾತುಗಳಿಗೆ. ಪಕ್ಕದ ಚಿಕ್ಕ ಗೋಡೆಯ ಮೇಲೆ 'ಆಮೇಲೆ' ಎಂದು ದೊಡ್ಡಕ್ಷರದಲ್ಲಿ ಬರೆದಿತ್ತು.

ಮೊದಲು ಬಾಯಿ ಬಿಟ್ಟವನು ಇಸ್ತ್ರಿಯವನು. ನಮ್ಮ ಮುಂದಿನ ತಿರುವಿನಲ್ಲಿ ಅವನ ಇಸ್ತ್ರಿ ಅಂಗಡಿ, ಅವನಿಗೂ ಅಕ್ಕನ ಕಾಯಿಲೆಯೇ.

"ಅಲ್ಲ ಮೇಡಂ, ನಮ್ಮನ್ನೆಲ್ಲ ಊರಾಚೆ ಹೊತ್ಕೊಂಡು ಹೋಗೋ ಬದಲು ಇಲ್ಲೇ ನಮ್ಮ ಸಣ್ಣಾಸ್ಪತ್ರೆಗೆ ಎರಡು ಮಿಷನ್ ತಂದಿಟ್ರೆ ಆಗಲ್ವಾ? ವ್ಯಾನೇ ಬೇಡ ಆಗ."

"ತುಂಬಾ ಒಳ್ಳೆ ಮಾತು ಅಣ್ಣ," ಎಂದಳು ಚೀಟಿ ಮೇಡಂ. ಹಳದಿ ಚೀಟಿಯಲ್ಲಿ ಬರೆದಳು, ಓದಿ ಹೇಳಿದಳು, 'ಆಮೇಲೆ' ಗೋಡೆಗೆ ಅಂಟಿಸಿದಳು. "ಇವತ್ತು ನಮ್ಮ ಕೈಯಲ್ಲಿರೋದು ವ್ಯಾನು ಮಾತ್ರ. ಅದನ್ನ ಚೆನ್ನಾಗಿ ಮಾಡೋಣ, ಏನಂತೀರಾ?"

ಇಸ್ತ್ರಿಯವನು ತಲೆಯಾಡಿಸಿ ಕೂತ. ಒಳ್ಳೆ ಮಾತು ಎನ್ನಿಸಿಕೊಂಡ ಮೇಲೆ ಜಗಳವಾಡುವುದು ಹೇಗೆ?

ಆಮೇಲೆ ಆಟ ಶುರುವಾಯಿತು. ಪ್ಲಾಸ್ಟಿಕ್ ಕುರ್ಚಿಗಳನ್ನು ಎರಡು ಸಾಲು ಇಟ್ಟು ಇದೇ ವ್ಯಾನು ಎಂದಳು. ಒಬ್ಬರು ಡ್ರೈವರ್, ಉಳಿದವರು ಪ್ರಯಾಣಿಕರು. ಕಂಬದ ಹತ್ತಿರ ಇಸ್ತ್ರಿಯವನ ಸ್ಟಾಪು, ಬಾಗಿಲ ಹತ್ತಿರ ನಮ್ಮದು. ತೀರಾ ಕೊನೆಗೆ ಒಂದು ಕೈಗೂಸಿನ ತಾಯಿ ನಿಂತಳು, ಮುಖದಲ್ಲಿ ಇನ್ನೂ ಶಾಲೆಗೆ ಹೋಗುವ ಕಳೆ ಮಾಸದ ಹುಡುಗಿ. ಅವಳೂ ರೋಗಿಯೇ. ಅವಳದು ಕೊನೆಯ ಸ್ಟಾಪು. ಮೊದಲ ಸುತ್ತಿನಲ್ಲಿ ಡ್ರೈವರ್ ಆದವರು ಎಲ್ಲರಿಗೂ ಕಾದು ಕಾದು, ವ್ಯಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಲ್ಲಿನ ಕುರ್ಚಿಗಳೆಲ್ಲ ಹೋಗಿದ್ದವು. ಎಲ್ಲರೂ ನಕ್ಕರು, ಆ ಹುಡುಗಿಯೊಬ್ಬಳನ್ನು ಬಿಟ್ಟು.

ಆಗ ಅಕ್ಕ ಎದ್ದಳು. ಟಾಕೀಸು ಮುಚ್ಚಿದ ಮೇಲೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಮಾತ್ರೆ ತಗೊಂಡೆಯಾ, ನೀರು ಜಾಸ್ತಿ ಕುಡಿದೆಯಾ ಎಂದು ನಾನು ಕೇಳುವುದನ್ನು ಬಿಟ್ಟರೆ. ಅವಳು ಡ್ರೈವರ್ ಸೀಟಿನ ಪಕ್ಕ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಟಾಕೀಸಲ್ಲಿ ಹೆಂಗೆ? ಫಸ್ಟ್ ಬೆಲ್, ಸೆಕೆಂಡ್ ಬೆಲ್. ಇಲ್ಲೂ ಹಂಗೇ. ಸ್ಟಾಪಿಗೆ ಬಂದ ಕೂಡ್ಲೇ ಒಂದು ಹಾರ್ನು. ಪ್ಯಾಸೆಂಜರ್ ಹತ್ತಿದ್ರೋ, ತಕ್ಷಣ ಹೊರಡು. ಹತ್ತಲಿಲ್ವೋ, ಐದು ನಿಮಿಷ. ಆಮೇಲೆ ಎರಡನೇ ಹಾರ್ನು. ಬಾಗಿಲು ಮುಚ್ಚು, ನಡಿ. ಅವರಪ್ಪ ಬಂದ್ರೂ ತೆಗೀಬೇಡ."

"ಯಾರಾದ್ರೂ ಓಡ್ಬರ್ತಾ ಇದ್ರೆ?" ಎಂದು ಯಾರೋ ಕೇಳಿದರು.

"ಓಡೋ ಶಕ್ತಿ ಇರೋರು ಮೊದಲೇ ಬರಲಿ."

ಭವನವೆಲ್ಲ ಗೊಳ್ಳೆಂದಿತು. ಅಕ್ಕ ಇನ್ನೊಂದು ಸುತ್ತು ಆಡಿಸಿದಳು, ತನ್ನ ಬಾಯಲ್ಲೇ ಹಾರ್ನ್ ಹೊಡೆದಳು. ಈ ಸಲ ಎಲ್ಲರಿಗೂ ಕುರ್ಚಿ ಸಿಕ್ಕಿತು. ಕೊನೇ ಸ್ಟಾಪಿನ ಹುಡುಗಿ ಚಪ್ಪಾಳೆ ತಟ್ಟಿದಳು. ಚೀಟಿ ಮೇಡಂ ಕಣ್ಣಲ್ಲಿ ನೀರು ತಂದುಕೊಂಡು ಅಕ್ಕನ ಎರಡೂ ಕೈ ಹಿಡಿದು, "ಅಮ್ಮಾ, ನಾವು ವರ್ಷಗಟ್ಟಲೆ ಕೂತರೂ ಇದು ಹೊಳೀತಿರಲಿಲ್ಲ," ಎಂದಳು. ಆ ದಿನ ನನಗೂ ಹಿಗ್ಗಾಗಿತ್ತು. ಅಕ್ಕನ ಮುಖದಲ್ಲಿ ಅಂಥ ಕಳೆ ನೋಡಿ ಎಷ್ಟೋ ಕಾಲವಾಗಿತ್ತು. ಸಭೆಯಲ್ಲಿ ನಾನೂ ಕೈಯೆತ್ತಿದೆ, ಎಲ್ಲರೂ ಎತ್ತಿದರು, ಒಂದು ಕೈಯೂ ಕೆಳಗಿರಲಿಲ್ಲ.

ಭವನ ನೆಲಮಟ್ಟದಲ್ಲಿತ್ತು. ಅಲ್ಲಿ ಕುರ್ಚಿ ಇತ್ತು, ಕಂಬ ಇತ್ತು, ಬಾಗಿಲು ಇತ್ತು. ಮೆಟ್ಟಿಲು ಇರಲಿಲ್ಲ. ಅದನ್ನು ಆಡಿಸಬೇಕೆಂದು ಯಾರ ತಲೆಗೂ ಬರಲಿಲ್ಲ, ದಿನಾ ಮೂರು ಮಹಡಿ ಹತ್ತಿಳಿಯುವ ನನ್ನ ತಲೆಗೂ ಸಹ.

ವ್ಯಾನು ಬಂತು. ಹೇಳಿದ ಹೊತ್ತಿಗೆ ಬಂತು, ಹೇಳಿದ ಹಾಗೆ ಹಾರ್ನ್ ಹೊಡೆಯಿತು. ಯಾರ ಕುರ್ಚಿಯೂ ಹೋಗಲಿಲ್ಲ. ಡ್ರೈವರ್ ಸಾಧು ಮನುಷ್ಯ, ಆದರೆ ಅವನ ತಲೆಯ ಮೇಲೊಂದು ಪೆಟ್ಟಿಗೆ ಇತ್ತು. ವ್ಯಾನು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಯಾರಾದರೂ ಹತ್ತಿದರೇ ಎಂದು ಅದು ಕಚೇರಿಗೆ ತಾನೇ ಹೇಳುತ್ತಿತ್ತು. ಬೇರೆ ಊರುಗಳಿಂದ ಜನ ನೋಡಲು ಬಂದರು, ಕ್ಯಾಮೆರಾ ತಂದರು. ಒಂದು ದಿನ ನೋಡಿದರೆ ವ್ಯಾನಿನ ಬದಿಗೆ ಆಳೆತ್ತರದ ಅಕ್ಕ! ಬಾಯಿ ತುಂಬ ನಗು, ಸೊಂಟದ ಮೇಲೆ ಕೈ, ಕೆಳಗೆ 'ಜನರೇ ರೂಪಿಸಿದ ಸೇವೆ' ಎಂದು ಬರೆದಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಸುತ್ತ ಬಂದು ನೋಡಿ, "ಮೂಗು ಇಷ್ಟು ದಪ್ಪ ಇದೆಯೇನೇ ನನಗೆ?" ಎಂದಳು. ಒಳಗೊಳಗೇ ಬೀಗುತ್ತಿದ್ದಳು.

ಅವಳು ಯಾವಾಗಲೂ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರುವಳು. ಎರಡನೇ ಹಾರ್ನ್ ಆದ ಕೂಡಲೇ "ಹೊರಡಪ್ಪ" ಎನ್ನುವುದು ಅವಳ ಕೆಲಸ, ಯಾರೂ ವಹಿಸಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕನ ಜೊತೆಗೆ ನಾನೂ ಹೋಗಿದ್ದೆ. ತಿರುವಿನಲ್ಲಿ ಎರಡನೇ ಹಾರ್ನ್ ಆಯಿತು. ಇಸ್ತ್ರಿಯವನು ಅಂಗಡಿಯ ಬಾಗಿಲಲ್ಲೇ ಇದ್ದ. ಊದಿದ ಪಾದ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಬಗ್ಗಿ ತುರುಕುತ್ತಿದ್ದ. ಕೊನೆಗೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡಿ ಬಂದ.

"ಹೊರಡಪ್ಪ," ಎಂದಳು ಅಕ್ಕ.

"ಅಕ್ಕ, ಬಂದೇಬಿಟ್ಟ," ಎಂದೆ ನಾನು.

"ಹೊರಡು ಅಂದೆ."

ವ್ಯಾನು ಹೊರಟಿತು. ಹಿಂದಿನ ಗಾಜಿನಲ್ಲಿ ಅವನು ಚಪ್ಪಲಿ ಹಿಡಿದ ಕೈಯನ್ನು ಮೇಲೆತ್ತಿ ನಿಂತದ್ದು ಕಂಡಿತು. ಬೈದನೋ ಕರೆದನೋ ಗೊತ್ತಾಗಲಿಲ್ಲ. ಬಸ್ಸು ಹಿಡಿದು ಬರುವ ಹೊತ್ತಿಗೆ ಅವನ ಕುರ್ಚಿ ಹೋಗಿತ್ತು. ಅವತ್ತು ರಾತ್ರಿ ಉಸಿರು ಸಿಕ್ಕಿಕೊಂಡು ವಾರಗಟ್ಟಲೆ ಆಸ್ಪತ್ರೆಯಲ್ಲಿ ಬಿದ್ದಿದ್ದ. ಬದುಕಿ ಬಂದ, ಅವನ ಆಯಸ್ಸು ಗಟ್ಟಿ. ನಾನು ಅಕ್ಕನ ಜೊತೆ ಮಾತು ಬಿಟ್ಟೆ. ಅವಳು ಗೋಡೆ ನೋಡಿಕೊಂಡು, "ಒಬ್ಬನಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕು ಕಣೇ," ಎಂದಳು. ಆಮೇಲೆ ವ್ಯಾನಿನಲ್ಲಿ ಮುಂದಿನ ಸೀಟು ಬಿಟ್ಟು ಹಿಂದೆ ಕೂರತೊಡಗಿದಳು ಎಂದು ಡ್ರೈವರ್ ಹೇಳಿದ.

ಆಮೇಲೆ ನಮ್ಮ ಸರದಿ ಬಂತು. ಅಕ್ಕನ ಕಾಲು ಸೋತವು, ಅದಕ್ಕಿಂತ ಮೊದಲು ಉಸಿರು ಸೋತಿತು. ಡಯಾಲಿಸಿಸ್‌ಗೆ ಹೋಗುವ ಬೆಳಿಗ್ಗೆಯೇ ಅವಳು ತೀರಾ ಹದಗೆಟ್ಟಿರುತ್ತಿದ್ದಳು, ಮೈಯೆಲ್ಲ ನೀರು. ಒಂದು ಮಹಡಿ ಇಳಿದು ಕೂರುವಳು, ಮತ್ತೊಂದು ಇಳಿದು ಕೂರುವಳು. ಬೇಗ ಹೊರಟರಾಯಿತು ಎನ್ನುತ್ತೀರಿ. ಹೊರಟೆವು. ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಚಳಿಗೆ ನಡುಗಿ, ಕೂತಲ್ಲೇ ತೇಕಿ, ವ್ಯಾನು ಬರುವಷ್ಟರಲ್ಲಿ ಮತ್ತೆ ಮೇಲೆ ಮಲಗಿಸಬೇಕಾದ ಸ್ಥಿತಿಗೆ ಬರುತ್ತಿದ್ದಳು. ಕೆಲವು ದಿನ ಕೆಳಗಿನ ಮನೆಯವರು ಕುರ್ಚಿಸಮೇತ ಎತ್ತಿ ಇಳಿಸಿದರು. ಅವರಿಗೂ ಅವರ ಕೆಲಸ ಇತ್ತು, ಎಷ್ಟು ದಿನ ಕೇಳುವುದು?

ಒಂದು ಬೆಳಿಗ್ಗೆ ನಾವು ಮೊದಲ ಮಹಡಿಯ ತಿರುವಿನಲ್ಲಿದ್ದಾಗ ಎರಡನೇ ಹಾರ್ನ್ ಕೇಳಿತು. ಅಕ್ಕನನ್ನು ಗೋಡೆಗೆ ಒರಗಿಸಿ ನಾನು ಕೆಳಗೆ ಓಡಿದೆ.

"ಇಳೀತಾ ಇದ್ದಾರೆ ಅಣ್ಣ, ಒಂದೇ ಮಹಡಿ! ಒಂದೇ ಒಂದು ನಿಮಿಷ!"

ಡ್ರೈವರ್ ತಲೆಯ ಮೇಲಿನ ಪೆಟ್ಟಿಗೆ ನೋಡಿದ. "ಮೇಲಿಂದ ನೋಡ್ತಿರ್ತಾರೆ ಅಮ್ಮ. ನನ್ನ ಕೆಲಸ ಹೋಗುತ್ತೆ." ಒಳಗೆ ಕೂತವರೆಲ್ಲ ನಮ್ಮ ಬೀದಿಯವರೇ, ನಾನು ಬಟ್ಟೆ ಹೊಲಿದುಕೊಟ್ಟವರೇ. ಒಬ್ಬರೂ ಕಣ್ಣು ಕೂಡಿಸಲಿಲ್ಲ. ಡ್ರೈವರ್ ಪಕ್ಕದ ಸೀಟಿನಲ್ಲಿ ಇಸ್ತ್ರಿಯವನು ಕೂತಿದ್ದ. ಬರಿಗಾಲ ದಿನವಾದ ಮೇಲೆ ಅವನು ತನ್ನ ಸ್ಟಾಪಿನಲ್ಲಿ ಕಾಯದೆ ಮೊದಲೇ ನಡೆದು ಬಂದು ನಮಗಿಂತ ಹಿಂದಿನ ಸ್ಟಾಪಿನಲ್ಲಿ ಹತ್ತುತ್ತಿದ್ದ, ತಿರುವಿನಲ್ಲಿ ಹತ್ತಲು ಈಗ ಹೊಸ ರೋಗಿಯೊಬ್ಬರಿದ್ದರು. ತೊಡೆಯ ಮೇಲಿನ ಚೀಲ ನೋಡುತ್ತಾ, ಮೆಲ್ಲಗೆ, "ಹೊರಡಪ್ಪ," ಎಂದ.

ಆ ಒಂದು ಮಾತಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ಕೈಗೆ ಸಿಕ್ಕದ್ದು ನನ್ನ ಚಪ್ಪಲಿ, ಅದನ್ನೇ ಎಸೆದೆ. ಅದು ಹೋಗಿ ಬಡಿದದ್ದು ವ್ಯಾನಿನ ಬದಿಯಲ್ಲಿ ನಗುತ್ತಿದ್ದ ಅಕ್ಕನ ಮುಖಕ್ಕೆ.

ಮಾರನೇ ದಿನ ನಗರಸಭೆಗೆ ಹೋದೆ. ಚೀಟಿ ಮೇಡಂ ಬೇರೆ ಊರಿನಲ್ಲಿ ಪಾರ್ಕು ರೂಪಿಸಲು ಹೋಗಿದ್ದಳು. ವ್ಯಾನಿನ ಉಸ್ತುವಾರಿಯ ಸಾಹೇಬರು ಸಿಕ್ಕರು. ಅವರ ಮೇಜಿನ ಹಿಂದೆ ಗಾಜಿನ ಕಪಾಟು, ಅದರೊಳಗೆ ನಮ್ಮ ವ್ಯಾನಿಗೆ ಬಂದ ಪ್ರಶಸ್ತಿಯ ಫಲಕ. ನನ್ನ ಮಾತನ್ನು ಕೊನೆಯವರೆಗೂ ಕೇಳಿದರು, ಅದು ಮಾತ್ರ ನಿಜ.

"ನೋಡಿಯಮ್ಮ, ನಾನೇ ಮಾಡಿದ ರೂಲಾಗಿದ್ರೆ ಈಗಿಂದೀಗ್ಲೇ ಬದಲಾಯಿಸ್ತಿದ್ದೆ. ಇದು ನಿಮ್ಮ ರೂಲು. ಜನರ ತೀರ್ಮಾನದ ಮೇಲೆ ನಾನು ಕೈ ಹಾಕಿದ್ರೆ ದರ್ಪ ಆಗಲ್ವೇ?"

"ಸಾಯೋ ಹಂಗಿದ್ದಾಳೆ ಸಾರ್ ನಮ್ಮಕ್ಕ."

"ಅವರೇ ಹೇಳಿದ್ದಲ್ವಮ್ಮ ಅದು? ನಾನೂ ಭವನದಲ್ಲಿದ್ದೆ, ನನಗೆ ಚೆನ್ನಾಗಿ ನೆನಪಿದೆ. ನೀವೂ ಕೈ ಎತ್ತಿದ್ರಿ." ಅವರು ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. "ಒಂದು ಕೆಲಸ ಮಾಡಿ. ಎಲ್ಲರನ್ನೂ ಕೂರಿಸಿ ಮಾತಾಡಿ. ಎಲ್ಲರೂ ಒಪ್ಪಿದ್ರೆ ಬದಲಾಯಿಸೋಣ."

ಬಟ್ಟೆ ಬಿಗಿಯಾಯಿತೆಂದು ಬಂದವರಿಗೆ ನಿಮ್ಮ ಮೈಯದೇ ತಪ್ಪು ಎನ್ನುವ ದರ್ಜಿಯನ್ನು ನಾನು ಅಲ್ಲೇ ಮೊದಲು ನೋಡಿದ್ದು. ಕಪಾಟಿನ ಗಾಜು ಒಡೆಯಬೇಕೆನ್ನಿಸಿತು. ನೀರು ಕುಡಿದು ಎದ್ದು ಬಂದೆ.

ಸಭೆ ಕರೆದೆ. ಈ ಸಲ ಭವನದಲ್ಲಲ್ಲ, ನಮ್ಮ ಕಟ್ಟಡದ ಮೆಟ್ಟಿಲ ಮೇಲೆ. ಬಂದವರನ್ನು ಒಬ್ಬೊಬ್ಬರಾಗಿ ಮೇಲಿನಿಂದ ಕೆಳಗಿನವರೆಗೆ ಕೂರಿಸಿದೆ. ಕೈಲಾಗದವರ ಕಡೆಯಿಂದ ಮನೆಯವರು ಬಂದಿದ್ದರು. ಎರಡನೇ ಮಹಡಿಯ ತಿರುವಿನಲ್ಲಿ ಅಕ್ಕನಿಗೆ ಕುರ್ಚಿ ಹಾಕಿದೆ. ನೆಲಮಟ್ಟದಲ್ಲಿ ಆಡಿದ್ದು ಸಾಕು, ಇಲ್ಲಿಂದ ನೋಡಿ ಹೇಳಿ ಎಂದೆ. ಮೂರು ಮಹಡಿಯನ್ನು ಅವರು ಕತ್ತೆತ್ತಿ ನೋಡುತ್ತಿದ್ದ ರೀತಿಯಲ್ಲೇ ನನಗೆ ಅರ್ಧ ಗೆದ್ದಂತಾಯಿತು.

ಮೊದಲು ಬಾಯಿ ಬಿಟ್ಟವನು ಅವತ್ತೂ ಇಸ್ತ್ರಿಯವನೇ.

"ಮೊನ್ನೆ ನಾನು ಆ ಮಾತು ಅನ್ನಬಾರದಿತ್ತು. ಸೇಡು ಅಂತ ಅಲ್ಲ... ಸೇಡೇ ಅನ್ಕೊಳ್ಳಿ, ಏನೀಗ. ಮನೆಗೆ ಹೋದ್ಮೇಲೆ ಅನ್ನ ಇಳೀಲಿಲ್ಲ. ಅಕ್ಕ ಇಳಿಯೋ ತನಕ ಕಾಯೋಣ. ನನ್ನ ಒಪ್ಪಿಗೆ ಇದೆ."

ಎಲ್ಲರೂ ಹೌದು ಹೌದು ಎಂದರು. ಒಂದೆರಡು ಕೈ ಮೇಲೆದ್ದವು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಮೇಲಿನಿಂದ ಅಕ್ಕನ ದನಿ ಕೇಳಿತು. ಉಸಿರಿಲ್ಲದಿದ್ದರೂ ಅದು ಕೌಂಟರಿನ ದನಿಯೇ.

"ಕೊನೇ ಸ್ಟಾಪಿನ ಹುಡುಗೀನ ಕೇಳಿದ್ರಾ?"

ಹುಡುಗಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದಳು, ಮಗು ಮಡಿಲಲ್ಲಿ ನಿದ್ದೆ ಹೋಗಿತ್ತು.

"ಕಾಯಿರಿ ಆಂಟಿ. ನನಗೆ ಪರವಾಗಿಲ್ಲ," ಎಂದಳು. ಹೇಳುವಾಗಲೇ ಅತ್ತುಬಿಟ್ಟಳು.

"ನಾನು ಇಳಿಯೋಕೆ ಇಪ್ಪತ್ತು ನಿಮಿಷ, ಒಂದೊಂದು ದಿನ ಅರ್ಧ ಗಂಟೆ. ಅಷ್ಟರಲ್ಲಿ ಇವಳ ಕುರ್ಚಿ ಇರುತ್ತಾ? ಇವಳು ಹೋದ್ರೆ ಆ ಮಗೂನ ಯಾರು ನೋಡ್ಕೋತೀರಾ, ಕೈ ಎತ್ತಿ ನೋಡೋಣ."

ಎದ್ದಿದ್ದ ಕೈಗಳು ಇಳಿದವು.

"ನಾನು ಹೇಳಿದ್ದು ಹೇಳಿದ್ದೇ. ಎರಡನೇ ಹಾರ್ನು, ಬಾಗಿಲು ಮುಚ್ಚಿ, ನಡೀರಿ. ಎದ್ದೇಳಿ ಎಲ್ಲ, ಮೆಟ್ಟಿಲು ತಣ್ಣಗಿದೆ."

ಕಿಂಡಿಯ ಹಲಗೆ ಎಳೆದಾಗಿತ್ತು. ಒಬ್ಬೊಬ್ಬರಾಗಿ ಎದ್ದು ಹೋದರು, ಇಸ್ತ್ರಿಯವನು ಕೊನೆಗೆ. ಅವನು ಹೋಗುವಾಗ ತಿರುವಿನವರೆಗೂ ಹತ್ತಿ ಬಂದು ಅಕ್ಕನ ಮುಂದೆ ಸುಮ್ಮನೆ ನಿಂತಿದ್ದು ಇಳಿದು ಹೋದ.

ಒಳಗೆ ಕರೆದುಕೊಂಡು ಹೋಗಿ ಮಲಗಿಸಿದ ಮೇಲೆ ನಾನು ಬಾಯಿಗೆ ಬಂದಂತೆ ಬೈದೆ. "ಜಂಭ ನಿನಗೆ! ಸತ್ತರೂ ನಿನ್ನ ಮಾತೇ ನಡೀಬೇಕು. ವ್ಯಾನಿನ ಮೇಲೆ ಫೋಟೋ ಹಾಕಿದ್ರಲ್ಲ, ಅದಕ್ಕೆ ಸಾಯ್ತಿದ್ದೀಯಾ ನೀನು!"

"ಜಂಭ ಇಲ್ಲ ಅಂತ ಯಾರು ಹೇಳಿದ್ರು?" ಎಂದಳು. ನಾನು ಹೊಲಿಗೆಗೆ ಕೂತಾಗ, "ಅವನ ಬರಿಗಾಲು ಕಣ್ಣಿಗೆ ಕಟ್ಟಿದೆ ಕಣೇ," ಎಂದಳು. "ಈಗ ನನಗೆ ಮಾತ್ರ ಕಾಯ್ರೀ ಅಂತ ಯಾವ ಬಾಯಲ್ಲಿ ಹೇಳಲಿ?"

ಪೆಡಲು ತುಳಿಯುತ್ತಾ ಕೂತೆ. ಅವಳ ಮೇಲೆ ಅಷ್ಟು ಸಿಟ್ಟು, ಅಷ್ಟು ಪ್ರೀತಿ ಎರಡೂ ಒಟ್ಟಿಗೆ ಬಂದದ್ದು ಅದೇ ಮೊದಲು.

ಆಮೇಲಿನದು ಬೇಗ ಮುಗಿಯಿತು. ಇಳಿಯಲು ಆದ ದಿನ ವ್ಯಾನು, ಆಗದ ದಿನ ಬಾಡಿಗೆ ಕಾರು. ಕೊನೆಯ ದಿನ ಯಜಮಾನರು ಬೇಕರಿಗೆ ರಜೆ ಹಾಕಿ ಅವಳನ್ನು ಬೆನ್ನ ಮೇಲೆ ಹೊತ್ತು ಇಳಿಸಿದರು. ಕಾರು ಸಿಗುವುದು ತಡವಾಗಿ, ಆಸ್ಪತ್ರೆ ಮುಟ್ಟಿದಾಗ ಕುರ್ಚಿಗಳೆಲ್ಲ ತುಂಬಿದ್ದವು. "ಒಂದು ಖಾಲಿಯಾದ ಕೂಡ್ಲೇ ಕರೀತೀವಿ," ಎಂದಳು ನರ್ಸು. ಕಾರಿಡಾರಿನ ಬೆಂಚಿನಲ್ಲಿ ಅಕ್ಕ ನನ್ನ ಹೆಗಲಿಗೆ ತಲೆಯಿಟ್ಟುಕೊಂಡಳು. ಬಾಗಿಲ ಗಾಜಿನಾಚೆ ಸಾಲಾಗಿ ಕೂತವರನ್ನು ನೋಡಿ, "ಹೌಸ್‌ಫುಲ್," ಎಂದು ನಕ್ಕಳು. ಯಂತ್ರ ಖಾಲಿಯಾಗುವ ಮೊದಲೇ ಹೋದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅಕ್ಕ ಹೋದ ಆ ವಾರವೇ, ಬೆಳಿಗ್ಗೆ, ಕೆಳಗೆ ಹಾರ್ನ್ ಆಯಿತು. ಕೈಯಲ್ಲಿದ್ದ ಬಟ್ಟೆ ಬಿಟ್ಟು ಅಭ್ಯಾಸಬಲದಿಂದ ಎದ್ದೇಬಿಟ್ಟೆ. ಕಿಟಕಿಯಲ್ಲಿ ನೋಡಿದರೆ ವ್ಯಾನು ನಿಂತಿದೆ, ಬಾಗಿಲು ತೆರೆದಿದೆ. ಐದು ನಿಮಿಷ ನಿಂತಿತು. ಎರಡನೇ ಹಾರ್ನ್ ಹೊಡೆದು ಹೋಯಿತು. ಮುಂದಿನ ಸರದಿಗೂ ಹಾಗೇ, ಅದರ ಮುಂದಿನದಕ್ಕೂ ಹಾಗೇ. ಕೆಳಗಿಳಿದು ಡ್ರೈವರನ್ನು ಕೇಳಿದೆ.

"ಪೆಟ್ಟಿಗೇಲಿ ಅವರ ಹೆಸರಲ್ಲಿ ಸ್ಟಾಪ್ ಇದೆ ಅಮ್ಮ. ನಿಲ್ಲದೆ ಹೋದ್ರೆ ಕೂಗುತ್ತೆ," ಎಂದ. ಅವನ ಕಣ್ಣಲ್ಲೂ ನೀರಿತ್ತು.

ಬದುಕಿದ್ದಾಗ ಅವಳಿಗಾಗಿ ಒಂದು ನಿಮಿಷ ಹೆಚ್ಚು ನಿಲ್ಲದ ವ್ಯಾನು, ಸತ್ತ ಮೇಲೆ ಪ್ರತಿ ಸಲ ಐದು ನಿಮಿಷ ತಪ್ಪದೆ ಕಾಯುತ್ತಿತ್ತು.

ಕೊನೇ ಸ್ಟಾಪಿನ ಹುಡುಗಿ ಒಂದು ಸಂಜೆ ಮಗುವನ್ನೆತ್ತಿಕೊಂಡು ಬಂದಳು. ಬಾಗಿಲಲ್ಲೇ ನಿಂತು ಒಳಗೆ ಬರಲು ಸಂಕೋಚಪಟ್ಟಳು. "ತಪ್ಪು ತಿಳ್ಕೋಬೇಡಿ ಆಂಟಿ. ಇಲ್ಲಿ ಸುಮ್ನೆ ನಿಲ್ಲೋದ್ರಿಂದ ಎರಡು ಸಲ ನನ್ನ ಕುರ್ಚಿ ಹೋಯ್ತು," ಎಂದಳು. ಅವಳ ಮುಖ ಊದಿತ್ತು, ಕಣ್ಣಿನ ಕೆಳಗಂತೂ ಬೆರಳಿಟ್ಟರೆ ಕುಳಿ ಬೀಳುವ ಹಾಗೆ. ಯಾರ ಕುರ್ಚಿ ಉಳಿಯಲೆಂದು ಅಕ್ಕ ಆ ಮೆಟ್ಟಿಲ ಮೇಲೆ ಹಲಗೆ ಎಳೆದಳೋ, ಆ ಕುರ್ಚಿಯನ್ನು ಈಗ ಅಕ್ಕನ ಹೆಸರೇ ಕಿತ್ತುಕೊಳ್ಳುತ್ತಿತ್ತು. ಆ ರಾತ್ರಿ ನಾನು ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತೆ.

ಬೆಳಿಗ್ಗೆ ನಗರಸಭೆಗೆ ಹೋದರೆ ಚೀಟಿ ಮೇಡಂ ಪಾರ್ಕು ಮುಗಿಸಿ ಬಂದಿದ್ದಳು. ನನ್ನನ್ನು ಅಪ್ಪಿಕೊಂಡು ಅತ್ತಳು, ನಟನೆ ಅಲ್ಲ. ವ್ಯಾನಿನ ಮೇಲಿನ ಫೋಟೋ ನೋಡಿ ನನಗೆ ನೋವಾಗುತ್ತಿದ್ದರೆ ತೆಗೆಸುತ್ತೇನೆ ಎಂದಳು.

"ಫೋಟೋ ಇರಲಿ ಬಿಡಮ್ಮ, ಸ್ಟಾಪ್ ತೆಗೆಸು."

ಅವಳ ಮುಖ ಬಾಡಿತು. "ಫೋಟೋ ಆದ್ರೆ ಇವತ್ತೇ ತೆಗೆಸಬಹುದು ಅಕ್ಕ. ಸ್ಟಾಪ್ ತೆಗೀಬೇಕಂದ್ರೆ ಎಲ್ಲರೂ ಮತ್ತೆ ಒಟ್ಟಿಗೆ ಕೂತ್ಕೋಬೇಕು. ಅವರೆಲ್ಲ ಸೇರಿ ಮಾಡಿದ ದಾರಿ ಅಲ್ವಾ? ಎರಡನೇ ಹಂತಕ್ಕೆ ದುಡ್ಡು ಬಂದ ಕೂಡಲೇ ಮೊದಲ ಕೆಲಸ ಇದೇ." ಕೈಚೀಲದಿಂದ ಹಳದಿ ಚೀಟಿಯ ಕಟ್ಟು ತೆಗೆದು, ನನ್ನ ಎದುರಿಗೇ ಅದನ್ನು ಬರೆದುಕೊಂಡಳು. ಎಲ್ಲಿ ಅಂಟಿಸುತ್ತಾಳೆಂದು ನಾನು ಕೇಳಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅಕ್ಕ ಸಮುದಾಯ ಭವನದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳಿದ್ದು ನೆನಪಾಯಿತು. ಪ್ಯಾಸೆಂಜರ್ ಹತ್ತಿದರೆ ತಕ್ಷಣ ಹೊರಡು.

ಈಗ ವ್ಯಾನು ಬರುವ ಬೆಳಿಗ್ಗೆಗಳಲ್ಲಿ ನಾನು ಮೊದಲೇ ಇಳಿದು ಕೆಳಗೆ ನಿಂತಿರುತ್ತೇನೆ. ಮೊದಲ ಹಾರ್ನ್ ಆಗುತ್ತಲೇ ಹತ್ತುತ್ತೇನೆ. ಪೆಟ್ಟಿಗೆ 'ಟಿಣ್' ಎನ್ನುತ್ತದೆ, ಡ್ರೈವರ್ ಬಾಗಿಲು ಮುಚ್ಚುತ್ತಾನೆ. ಒಳಗೆ ಯಾರೂ ನನ್ನೊಡನೆ ಮಾತಾಡುವುದಿಲ್ಲ. ಇಸ್ತ್ರಿಯವನು ಸ್ವಲ್ಪ ಸರಿದು ಜಾಗ ಕೊಡುತ್ತಾನೆ. ಮುಂದಿನ ತಿರುವಿನಲ್ಲಿ, ಅವನ ಅಂಗಡಿಯ ಮುಂದೆ, ಇಳಿದು ನಡೆದುಕೊಂಡು ಮನೆಗೆ ಬಂದು ಮೂರು ಮಹಡಿ ಹತ್ತಿ ಹೊಲಿಗೆಗೆ ಕೂರುತ್ತೇನೆ. ಹುಡುಗಿಗೆ ಕುರ್ಚಿ ಸಿಗುತ್ತಿದೆಯಂತೆ.

ಮೊನ್ನೆ ಮತ್ತೆ ಸಾಹೇಬರ ಹತ್ತಿರ ಹೋಗಿದ್ದೆ, ಸ್ಟಾಪಿನ ವಿಷಯ ಏನಾಯಿತು ಎಂದು ಕೇಳಲು. ಅವರು ಕಂಪ್ಯೂಟರ್ ತೆರೆದು ನೋಡಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಅದನ್ನ ಹೆಂಗಮ್ಮ ತೆಗೆಯೋದು? ನಿಮ್ಮ ಅಕ್ಕ ಈಚೆಗೆ ಒಂದು ದಿನವೂ ತಪ್ಪಿಸಿಲ್ಲ."